ಬೆಣ್ಣೆ ಡಬ್ಬಿಯ ಪಕ್ಕದ ಕೀಲಿಕೈ

"ಯಾರ್ರೀ ಅದು ಸೇಬು ಕಡೀತಿರೋರು? ಹೊರಗೆ ಹೋಗಿ!"

ಐಲಾ ಹೆಡ್‌ಫೋನ್ ಎತ್ತಿ ಗದರಿದಳು. ಅಡುಗೆಮನೆಯಲ್ಲಿ ಒತ್ತಿಕೊಂಡು ನಿಂತಿದ್ದವರೆಲ್ಲ ಒಬ್ಬನ ಕಡೆ ತಿರುಗಿದರು.

ಬಾಯಿ ತುಂಬಾ ಸೇಬು, ಅಗಿಯಲೂ ಆಗದೆ ನುಂಗಲೂ ಆಗದೆ ನಿಂತಿದ್ದ ಆ ಎತ್ತರದ ಹುಡುಗ ಮೆಲ್ಲಗೆ ಕೈ ಎತ್ತಿದ.

"ನಾನೇ... ಡೈರೆಕ್ಟರು."

"ಆದ್ರೇನು? ನನ್ನ ಮೈಕಿಗೆ ನೀವೂ ಒಂದೇ, ಇಲಿನೂ ಒಂದೇ!"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವಳನ್ನೇ ನೋಡುತ್ತಾ ನಿಂತುಬಿಟ್ಟ.

ಕ್ಲೈಡ್ ಹೆನ್ನೆಸಿಯ ಮೊದಲ ಸಿನಿಮಾ ಅದು. ಕೈಯಲ್ಲಿ ಕಾಸಿಲ್ಲ. ಬೆಳಿಗ್ಗೆ ಊರವರ ಮನೆಗಳಿಗೆ ಬಣ್ಣ ಬಳಿದು, ಸಂಜೆ ಶೂಟಿಂಗ್. ಐಲಾಳ ಚಿಕ್ಕಮ್ಮನ ಮಗನೇ ಅವನ ಕ್ಯಾಮೆರಾಮನ್. ಸರೋವರದ ದಂಡೆಯ ಊರು ಡುಲೂತ್‌ನಲ್ಲಿದ್ದ ದೊಡ್ಡಮ್ಮನ, ಅಂದರೆ ಐಲಾಳ ಅಮ್ಮನ, ಅಡುಗೆಮನೆಯನ್ನೂ, ರೇಡಿಯೋ ಸ್ಟೇಷನ್ನಿನಲ್ಲಿ ದುಡಿಯುತ್ತಿದ್ದ ಅಕ್ಕ ಐಲಾಳನ್ನೂ ಆ ಹುಡುಗನೇ ಪುಕ್ಕಟೆಯಾಗಿ ಒಪ್ಪಿಸಿದ್ದ.

"ಈ ಫ್ರಿಜ್ ಗುಂಯ್ ಅಂತಿದೆ, ಆಫ್ ಮಾಡ್ಬೇಕು. ನಿಮ್ಮ ಕಾರಿನ ಕೀ ಕೊಡಿ," ಐಲಾ ಅಂಗೈ ಚಾಚಿದಳು.

"ಕೀ ಯಾಕೆ?"

ಅವಳು ಕೀಲಿಕೈಯನ್ನು ಫ್ರಿಜ್ಜಿನೊಳಗೆ, ಬೆಣ್ಣೆ ಡಬ್ಬಿಯ ಪಕ್ಕದಲ್ಲಿಟ್ಟಳು.

"ಶೂಟಿಂಗ್ ಮುಗಿದ ಮೇಲೆ ಇದನ್ನ ಮತ್ತೆ ಆನ್ ಮಾಡೋದು ಮರೆತ್ರೆ ಅಮ್ಮನ ಮೀನೆಲ್ಲ ಹಾಳು. ಕೀ ಒಳಗಿದ್ರೆ, ಹೊರಡೋವಾಗ ಬಾಗಿಲು ತೆಗೀಲೇಬೇಕಲ್ಲ? ಸೌಂಡಿನವರೆಲ್ಲ ಹೀಗೇ ಮಾಡೋದು."

"ಅಂದ್ರೆ... ಕೀ ಇಲ್ಲಿರೋ ತನಕ ನಾನು ಈ ಮನೆ ಬಿಟ್ಟು ಹೋಗೋ ಹಾಗಿಲ್ಲ?"

"ಹೋಗೋ ಹಾಗಿಲ್ಲ."

"ಒಳ್ಳೇದೇ ಆಯ್ತು," ಅಂದ ಅವನು. ಐಲಾಳ ಕಿವಿ ಬಿಸಿಯಾಯಿತು. ಹೆಡ್‌ಫೋನ್ ಇದ್ದದ್ದು ಪುಣ್ಯ!

ಆ ಶರತ್ಕಾಲವೆಲ್ಲ ಹಾಗೇ ಕಳೆಯಿತು. ಒಲೆಯಲ್ಲಿ ಅಮ್ಮನ ಏಲಕ್ಕಿ ಬ್ರೆಡ್ಡು ಬೇಯುವ ಘಮ, ಮೇಜಿನ ಮೇಲೆ ಫಿಲ್ಮ್ ಸುರುಳಿಗಳು, ಕಿಟಕಿಯಾಚೆ ಬೂದು ಬಣ್ಣದ ಸರೋವರ.

"ಏನಪ್ಪಾ ಡೈರೆಕ್ಟರೇ, ನಿನ್ನ ಸಿನಿಮಾ ಮುಗಿಯೋದರೊಳಗೆ ನನ್ನ ಕಾಫಿಪುಡಿ ಮುಗಿಯುತ್ತೆ!" ಅಮ್ಮ ಛೇಡಿಸುತ್ತಿದ್ದರು. ಬೈಯುತ್ತಲೇ ಅವನ ಲೋಟ ತುಂಬಿಸುತ್ತಿದ್ದರು.

'ನೀವು' ಹೋಗಿ 'ನೀನು' ಬಂದಿದ್ದು ಯಾವಾಗ ಅಂತ ಇಬ್ಬರಿಗೂ ತಿಳಿಯಲಿಲ್ಲ. ಆದರೆ ಆಡಬೇಕಾದ ಒಂದು ಮಾತನ್ನು ಇಬ್ಬರೂ ಆಡಲಿಲ್ಲ...

ಸಿನಿಮಾ ಮುಗಿದ ಮೇಲೆ ಒಂದು ಮಧ್ಯಾಹ್ನ ಐಲಾ ಕೆಲಸದಿಂದ ಬಂದರೆ, ಅಂಗಳದಲ್ಲಿ ಅವನ ತುಕ್ಕು ಹಿಡಿದ ಕಾರು ಮಾತ್ರ ನಿಂತಿತ್ತು.

"ನ್ಯೂಯಾರ್ಕಿಂದ ಫೋನ್ ಬಂತು, ಯಾರೋ ಸಿನಿಮಾ ನೋಡ್ತಾರಂತೆ. ಬಸ್ ಹಿಡ್ಕೊಂಡು ಓಡಿದ," ಅಂದರು ಅಮ್ಮ. "ಕಾರಿನ ಕೀ ಬಿಟ್ಟು ಹೋಗಿದಾನೆ ನೋಡು. ಮೊಳೆಗೆ ಹಾಕಿದೀನಿ."

"ನನಗೇನಾದ್ರೂ ಹೇಳಿದ್ನಾ?"

"ಇಲ್ಲಮ್ಮ."

ಐಲಾ ಮೊಳೆಯಲ್ಲಿ ತೂಗುತ್ತಿದ್ದ ಕೀಲಿಕೈಯನ್ನೇ ನೋಡಿದಳು.

'ಬೇಡದ ಕಾರನ್ನ ಬಿಟ್ಟು ಹೋದ... ಜೊತೆಗೆ ನನ್ನನ್ನೂ!'

ವಾರದ ಮೇಲೆ ಫೋನ್ ಬಂತು. "ಐಲಾ, ನಾನು..." ಅನ್ನುವಷ್ಟರಲ್ಲಿ ಇಟ್ಟುಬಿಟ್ಟಳು. ಆ ಚಳಿಗಾಲ ಕಾರು ಹಿಮದಲ್ಲಿ ಹೂತುಹೋಯಿತು. ಹಿಮ ಕರಗಿದ್ದೇ ತಡ, ಗುಜರಿಯವನಿಗೆ ಹಾಕಿದಳು.

ಮುಂದೆ ಅವನು ಸಿನಿಮಾ ಮೇಲೆ ಸಿನಿಮಾ ಮಾಡಿದ. ದೊಡ್ಡ ಕಂಪನಿಗಳು ಕರೆದರೂ ಹೋಗಲಿಲ್ಲವಂತೆ. ಸಾಲ ಸೋಲ ಮಾಡಿ, ಗೆಳೆಯರನ್ನು ಕಾಡಿ ಬೇಡಿ, ತನ್ನ ಕಥೆಗಳನ್ನು ತನಗೆ ಬೇಕಾದ ಹಾಗೇ ತೆಗೆದನಂತೆ. ಎಲ್ಲ 'ಅಂತೆ'ಗಳೇ! ಐಲಾ ಒಂದನ್ನೂ ನೋಡಲಿಲ್ಲ. ಅವಳಿಗೊಂದು ಮದುವೆಯಾಯಿತು, ಬೇಗನೆ ಮುರಿಯಿತು. ಅಮ್ಮ ತೀರಿಕೊಂಡರು. ಕೂದಲು ನೆರೆಯಿತು.

ಕೊನೆಗೊಂದು ಭಾನುವಾರ, ರೇಡಿಯೋದ ಗೆಳತಿ ಮಾರ್ಜ್ ಬಾಗಿಲಲ್ಲಿ ಬಂದು ನಿಂತಳು.

"ಲೇ, ನಮ್ಮ ಹಳೇ ಥಿಯೇಟರಿಗೆ ಹೆನ್ನೆಸಿ ಬರ್ತಿದಾನೆ. ಏಳು! ಟಿಕೆಟ್ ನಂದು, ಪಾಪ್‌ಕಾರ್ನ್ ನಿಂದು."

ಬೇಡ ಬೇಡ ಅಂದರೂ ಕಾಲು ಹೊರಟೇಬಿಟ್ಟಿತು.

ಕತ್ತಲಲ್ಲಿ ಪರದೆ ಬೆಳಗಿತು. ಒಂದು ಅಡುಗೆಮನೆ. ಯಾರೋ ಮುದುಕಿ ಫ್ರಿಜ್ ತೆಗೆದಳು. ಒಳಗೆ, ಬೆಣ್ಣೆ ಡಬ್ಬಿಯ ಪಕ್ಕದಲ್ಲಿ... ಕಾರಿನ ಕೀಲಿಕೈ!

ಜನ ಚಪ್ಪಾಳೆ ತಟ್ಟಿ ನಕ್ಕರು.

"ಅವನ ಎಲ್ಲಾ ಸಿನಿಮಾದಲ್ಲೂ ಇದು ಇದ್ದೇ ಇರುತ್ತೆ ಕಣೇ," ಮಾರ್ಜ್ ಪಿಸುಗುಟ್ಟಿದಳು. "ಯಾಕೆ ಅಂತ ಕೇಳಿದ್ರೆ ಬಾಯೇ ಬಿಡಲ್ವಂತೆ."

ಐಲಾ ಪಾಪ್‌ಕಾರ್ನ್ ಪೊಟ್ಟಣವನ್ನು ಕೆಳಗಿಟ್ಟಳು.

'ಕೀ ಮೊಳೆಯಲ್ಲಿತ್ತು. ಆದರೆ ಅಮ್ಮನಿಗೆ ಅದು ಸಿಕ್ಕಿದ್ದೆಲ್ಲಿ...? ನಾನು ಕೇಳಲೇ ಇಲ್ಲವಲ್ಲ!'

ಸಿನಿಮಾ ಮುಗಿಯಿತು. ಕ್ಲೈಡ್ ವೇದಿಕೆಗೆ ಬಂದ. ಬೆನ್ನು ಸ್ವಲ್ಪ ಬಾಗಿತ್ತು, ನಗು ಅದೇ. ಕಾಲೇಜು ಹುಡುಗಿಯೊಬ್ಬಳು ಎದ್ದಳು.

"ಸರ್, ಆ ಕೀ ಏನು ಹೇಳುತ್ತೆ?"

"ಅದು ಯಾರಿಗೆ ಅರ್ಥ ಆಗ್ಬೇಕಿತ್ತೋ ಅವರಿಗೆ ಆಗ್ಲಿಲ್ಲಮ್ಮ. ಬೇರೆ ಪ್ರಶ್ನೆ?"

ಐಲಾ ಎದ್ದು ನಿಂತಿದ್ದಳು. ತಾನು ಎದ್ದದ್ದು ಅವಳಿಗೇ ಗೊತ್ತಿರಲಿಲ್ಲ.

"ಅವಳು ಬರೋ ಮೊದಲೇ ಅವಳಮ್ಮ ಬೆಣ್ಣೆಗೆ ಅಂತ ಕೈ ಹಾಕಿ, ಆ ಕೀ ತೆಗೆದು ಮೊಳೆಗೆ ಹಾಕಿದ್ರೆ...? ಅವಳಿಗೆ ಹೇಗೆ ಗೊತ್ತಾಗ್ಬೇಕು, ಸರ್?"

ಕ್ಲೈಡ್ ಕೈಯಲ್ಲಿದ್ದ ಮೈಕು ನಿಧಾನವಾಗಿ ಕೆಳಗಿಳಿಯಿತು.

"ಮೊಳೆಗೆ...?" ಅಂದ ಅವನು. "ಐಲಾ... ಅಮ್ಮ ಅದನ್ನ ಮೊಳೆಗೆ ಹಾಕಿದ್ರಾ?"

ಸಂಜೆ ಅದೇ ಅಡುಗೆಮನೆಯಲ್ಲಿ ಇಬ್ಬರ ನಡುವೆ ಕಾಫಿ ಆರುತ್ತಿತ್ತು.

"ಏಪ್ರಿಲ್‌ನಲ್ಲಿ, ಹಿಮ ಕರಗಿದ ಮೇಲೆ ಬಂದಿದ್ದೆ. ಕಾರು ಇರ್ಲಿಲ್ಲ," ಅಂದ ಕ್ಲೈಡ್. "ಫ್ರಿಜ್ಜಲ್ಲಿಟ್ಟ ಕೀಗೆ ಅದೇ ನಿನ್ನ ಉತ್ತರ ಅಂದ್ಕೊಂಡೆ. ಬೀದಿ ತುದೀಲಿ ನಿಂತಿದ್ದು ಹಾಗೇ ಹೊರಟುಹೋದೆ."

"ಬಾಗಿಲು ತಟ್ಟೋಕೇನಾಗಿತ್ತು? ಬಾಯಿ ಇರ್ಲಿಲ್ವಾ ನಿಂಗೆ? 'ಕಾಯ್ತಿರು' ಅಂತ ಒಂದು ಮಾತು..."

"ಸಿನಿಮಾದವನು ಕಣೇ. ತೋರಿಸೋಕೆ ಬರುತ್ತೆ, ಹೇಳೋಕೆ ಬರಲ್ಲ."

"ದಡ್ಡ!"

"ಫೋನ್ ಇಟ್ಟಿದ್ದು ಯಾರು?"

"ನಾನೂ ದಡ್ಡಿ," ಅಂದಳು ಐಲಾ. ನಗಲು ಹೋಗಿ ಅತ್ತುಬಿಟ್ಟಳು. "ಬರೀ ಕೇಳಿಸ್ಕೊಳ್ಳೋದೇ ನನ್ನ ಕೆಲಸ... ನಿನ್ನ ಒಂದು ಮಾತು ಕೇಳಿಸ್ಕೊಳ್ಳೋಕಾಗ್ಲಿಲ್ಲ."

ಅವನು ಕೈ ಚಾಚಿ ಅವಳ ಕೆನ್ನೆ ಒರೆಸಿದ. ಆಮೇಲೆ ಎದ್ದು, ಜೇಬಿನಿಂದ ಕಾರಿನ ಕೀಲಿಕೈ ತೆಗೆದು, ಫ್ರಿಜ್ಜಿನ ಬಾಗಿಲು ತೆಗೆದ. ಬೆಣ್ಣೆ ಡಬ್ಬಿ ಎಲ್ಲಿದೆ ಅಂತ ಹುಡುಕಿದ.

"ಎಡಗಡೆ," ಅಂದಳು ಅವಳು, ಮೂಗೊರೆಸಿಕೊಳ್ಳುತ್ತಾ.

ಇಟ್ಟು, ಬಾಗಿಲು ಮುಚ್ಚಿ, ಅವಳ ಕಡೆ ತಿರುಗಿದ.

"ಈ ಸಲ ಬಾಯಿಬಿಟ್ಟೇ ಹೇಳ್ತೀನಿ. ನಿನ್ನ ಬಿಟ್ಟು ನಾನೆಲ್ಲೂ ಹೋಗಲ್ಲ ಐಲಾ. ಪ್ರೀತಿಸ್ತೀನಿ. ಆವಾಗಿಂದ್ಲೂ."

ಫ್ರಿಜ್ಜು ಗುಂಯ್ ಅನ್ನುತ್ತಿತ್ತು.

"ಆಫ್ ಮಾಡ್ಲಾ? ಸರಿಯಾಗಿ ಕೇಳಿಸ್ತಾ?" ಅಂದ.

"ಏನೂ ಬೇಡ," ಅವಳು ಅವನ ತೋಳಿಗೆ ತಲೆ ಆನಿಸಿದಳು. "ಕೇಳಿಸ್ತು... ಆದ್ರೂ ಇನ್ನೊಂದ್ಸಲ ಹೇಳು."