ತಡೆಕಂಬಿ ತೆಗೆದವರು

"ಇದು ಕಳ್ಳರ ಭಾಷೆ, ಮೇಡಂ."

ಬೋರ್ಡಿನ ಮೇಲೆ ಬರೆಯುತ್ತಿದ್ದ ಟೀಚರ್ ತಿರುಗಿ ನೋಡಿದಳು. ಕೊನೆಯ ಮೇಜಿನಲ್ಲಿ ಕೈ ಕಟ್ಟಿಕೊಂಡು ಕೂತವನು ಆ ಮಾತು ಆಡಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು, ಕಣ್ಣಲ್ಲಿ ಸಿಟ್ಟು. ಆ ಸಿಟ್ಟಿಗೇ ಅವನಿಗೆ ಕೆಂಡ ಎಂದು ಅಡ್ಡಹೆಸರು ಬಿದ್ದಿತ್ತು.

ಅದು ದೊಡ್ಡ ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಚಾದರಗಳೆಲ್ಲ ಮೂಟೆಮೂಟೆಯಾಗಿ ಅಲ್ಲಿಗೆ ಬಂದು, ಒಗೆದು, ಒಣಗಿ, ಇಸ್ತ್ರಿಯಾಗಿ ಹೊರಡುತ್ತಿದ್ದವು. ಕೆಂಡ ಅಲ್ಲಿ ಯಂತ್ರ ರಿಪೇರಿ ಮಾಡುವ ಫಿಟ್ಟರ್. ಸೂಪರ್‌ವೈಸರ್ ಆಗಬೇಕೆಂದರೆ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಲು ಬರಬೇಕು. ಅದಕ್ಕೇ ಕಂಪನಿಯವರು ಸಂಜೆ ಹೊತ್ತು ಕ್ಯಾಂಟೀನಿನಲ್ಲಿ ಕ್ಲಾಸು ಇಟ್ಟು, ಹೊರಗಿನಿಂದ ಟೀಚರನ್ನು ಕರೆಸಿದ್ದರು.

ಅವತ್ತಿನ ಪಾಠ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. 'ಬೆಕ್ಕು ಲೋಟ ಒಡೆಯಿತು' ಎಂದರೆ ಆ್ಯಕ್ಟಿವ್. 'ಬೆಕ್ಕಿನಿಂದ ಲೋಟ ಒಡೆಯಲ್ಪಟ್ಟಿತು' ಎಂದರೆ ಪ್ಯಾಸಿವ್. ಇದರಲ್ಲಿ ಬೆಕ್ಕನ್ನು ಕೈಬಿಟ್ಟರೂ ವಾಕ್ಯ ಸರಿಯಾಗೇ ಇರುತ್ತದೆ ಎಂದು ಅವಳು ಹೇಳಿದ್ದಳು. ಅಷ್ಟಕ್ಕೇ ಅವನಿಗೆ ಉರಿ ಹತ್ತಿತ್ತು.

"ಬೆಕ್ಕನ್ನ ಯಾಕೆ ಬಿಡ್ಬೇಕು? ಒಡೆದಿದ್ದು ಅದೇ ತಾನೆ?"

ಕ್ಲಾಸು ಗೊಳ್ಳೆಂದಿತು. ಟೀಚರ್ ನಗಲಿಲ್ಲ.

"ಯಾರು ಒಡೆದರು ಅಂತ ಗೊತ್ತಿಲ್ಲದಿದ್ದಾಗ ಹೀಗೆ ಬರೀತಾರೆ."

"ಗೊತ್ತಿದ್ದೂ ಹೇಳೋಕೆ ಧೈರ್ಯ ಇಲ್ಲದಿದ್ದಾಗ ಅನ್ನಿ."

ಅವಳ ಮುಖ ಕೆಂಪಾಯಿತು. ಎಷ್ಟೋ ವರ್ಷದಿಂದ ಈ ಪಾಠ ಮಾಡುತ್ತಿದ್ದಳು; ಯಾರೂ ಹೀಗೆ ಎದುರಾಡಿರಲಿಲ್ಲ. ಪರೀಕ್ಷೆಯಲ್ಲಿ ಈ ಭಾಷಣ ಬರೆದರೆ ಸೊನ್ನೆ ಬರುತ್ತದೆ ಎಂದು ಗದರಿಸಿದಳು. ಮನೆಗೆ ಹೋಗುವ ದಾರಿಯಲ್ಲೂ ಸಿಟ್ಟು ಇಳಿಯಲಿಲ್ಲ. ಎಂಥ ಒರಟ ಇವನು... ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನೋಡಿ, ಪ್ರೀತಿ ಬೆಳದಿಂಗಳಲ್ಲಿ ಹುಟ್ಟುತ್ತದೆ ಎಂದು ಬರೆಯುವವರು ಬರೆದುಕೊಳ್ಳಲಿ. ಇವರಿಬ್ಬರದು ಹುಟ್ಟಿದ್ದು ಜಗಳದಲ್ಲಿ. ಕ್ಲಾಸಿನಲ್ಲಿ ಜಗಳ, ಕ್ಲಾಸು ಮುಗಿದ ಮೇಲೆ ಜಗಳ. ಬಸ್ ಸ್ಟಾಪಿನವರೆಗೂ ಜಗಳವಾಡುತ್ತಲೇ ಅವನು ಜೊತೆಗೆ ನಡೆಯತೊಡಗಿದ. ಬಸ್ಸು ತಡವಾದರೆ ಇಬ್ಬರಿಗೂ ಬೇಜಾರಾಗುತ್ತಿರಲಿಲ್ಲ.

ಅವರ ಹಿಂದೆ ಅವನ ಅತ್ತಿಗೆ ಬರುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ಅವನನ್ನು ಅಣ್ಣ ಸತ್ತ ಮೇಲೂ ಕೈಬಿಡದೆ ಸಾಕಿದವಳು. ಅದೇ ಲಾಂಡ್ರಿಯ ಇಸ್ತ್ರಿ ರೋಲರ್ ಮೇಲೆ ಅವಳ ಕೆಲಸ. ಮಾತು ಚೂಪು, ಮನಸ್ಸು ಮೆತ್ತಗೆ.

"ಮೇಡಂ, ನನ್ನ ಮೈದುನನಿಗೆ ಇಂಗ್ಲಿಷ್ ಬರೋ ಹೊತ್ತಿಗೆ ನಿಮಗೆ ಬೈಗುಳ ಎಲ್ಲಾ ಬಂದಿರುತ್ತೆ," ಎಂದು ನಗುತ್ತಿದ್ದಳು.

ಟೀಚರ್ ತಲೆ ತಗ್ಗಿಸುತ್ತಿದ್ದಳು. ಅವನು ಬೇರೆ ಕಡೆ ನೋಡುತ್ತಿದ್ದ. ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ.

ಹೀಗಿರುವಾಗ ಆ ಅನಾಹುತ ನಡೆಯಿತು.

ಇಸ್ತ್ರಿ ರೋಲರ್ ಎಂದರೆ ಆವಿಯಿಂದ ಕಾದ ದೊಡ್ಡ ಉರುಳೆ. ಒದ್ದೆ ಚಾದರವನ್ನು ಅದರ ಬಾಯಿಗೆ ಕೊಡಬೇಕು. ಆ ಬಾಯಿಯ ಮುಂದೆ ಒಂದು ತಡೆಕಂಬಿ ಇರುತ್ತದೆ. ಬೆರಳು ತಗುಲಿದರೆ ಯಂತ್ರ ತಟ್ಟನೆ ನಿಲ್ಲುತ್ತದೆ. ದಪ್ಪ ಚಾದರ ತಗುಲಿದರೂ ನಿಲ್ಲುತ್ತಿತ್ತು. ಕೆಲಸ ಹಿಂದೆ ಬೀಳುತ್ತಿದೆ, ಕಂಬಿ ತೆಗೆದು ಹಾಕು ಎಂದು ಮ್ಯಾನೇಜರ್ ಕೆಂಡನಿಗೆ ಹೇಳಿದ. ಬೇಡ ಸಾರ್, ಅಪಾಯ ಎಂದ ಕೆಂಡ. ಮ್ಯಾನೇಜರ್ ಪಕ್ಕದಲ್ಲೇ ನಿಂತು ತೆಗೆಸಿದ.

ಮಾರನೆಯ ದಿನ ರೋಲರ್ ಬಾಯಿಗೆ ಅತ್ತಿಗೆಯ ಬಲಗೈ ಸಿಕ್ಕಿತು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಕೆಂಡ ಕ್ಯಾಂಟೀನಿನಲ್ಲಿ ಕೂತು, ಬಂದಷ್ಟು ಇಂಗ್ಲಿಷಿನಲ್ಲಿ ತಾನೇ ರಿಪೋರ್ಟ್ ಬರೆದ. ಮ್ಯಾನೇಜರ್ ಕಂಬಿ ತೆಗೆ ಅಂದರು. ನಾನು ತೆಗೆದೆ. ಅತ್ತಿಗೆಯ ಕೈ ಸುಟ್ಟಿತು. ಅಷ್ಟೇ. ತಪ್ಪು ತಿದ್ದಿ ಟೈಪ್ ಮಾಡಿಕೊಡಿ ಎಂದು ಟೀಚರ್ ಕೈಗೆ ಕೊಟ್ಟ. 

ಟೀಚರ್ ಓದಿದಳು. 'ನಾನು ತೆಗೆದೆ' ಎಂಬಲ್ಲಿ ಅವಳ ಕಣ್ಣು ನಿಂತುಬಿಟ್ಟಿತು.

ಈ ಮಾತು ಇವನ ಕೆಲಸ ತಿಂದುಹಾಕುತ್ತದೆ... ನಾನು ಹೇಳೇ ಇಲ್ಲ ಎಂದು ಮ್ಯಾನೇಜರ್ ಉಲ್ಟಾ ಹೊಡೆದರೆ? ಜೈಲಿಗೆ ಹಾಕಿದರೆ?  ಬೆರಳು ತಾನಾಗೇ ಬೇರೆ ಟೈಪ್ ಮಾಡಿತು: ತಡೆಕಂಬಿ ತೆಗೆಯಲ್ಪಟ್ಟಿತ್ತು. ಕೈ ರೋಲರಿಗೆ ಸಿಕ್ಕಿಕೊಂಡಿತು.

ವಾಕ್ಯದಿಂದ ಅವನು ಹೋದ. ಅವನ ಜೊತೆಗೆ ಮ್ಯಾನೇಜರೂ ಹೋದ. ರಿಪೋರ್ಟ್ ಬರೆಯುವ ಪದ್ಧತಿಯೇ ಹೀಗಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೆಂಡ ಓದದೆಯೇ ಸಹಿ ಹಾಕಿದ. "ನೀವು ನೋಡಿದ ಮೇಲೆ ನಾನೇನು ನೋಡೋದು?" ಎಂದ.

ಆ ಮಾತು ಅವಳಿಗೆ ಚುಚ್ಚಿತು. ಆದರೂ ಸುಮ್ಮನಿದ್ದಳು.

ಆಫೀಸಿಗೆ ಹೋದ ರಿಪೋರ್ಟಿನಲ್ಲಿ ಕಂಬಿ ತೆಗೆದವರು ಯಾರೂ ಇರಲಿಲ್ಲ. ಉಳಿದಿದ್ದು ಒಂದು ಕೈ. ಆ ಕೈ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಬೇಗ ಕೆಲಸ ಮುಗಿಸಲೆಂದು ಆಕೆಯೇ ಕಂಬಿ ತೆಗೆದಿದ್ದಾಳೆ, ಆಕೆಯದೇ ನಿರ್ಲಕ್ಷ್ಯ, ಆಸ್ಪತ್ರೆಯ ಖರ್ಚು ಕೊಡುವ ಹಾಗಿಲ್ಲ, ಕೆಲಸದಿಂದ ತೆಗೆಯಲಾಗಿದೆ ಎಂದು ನೋಟಿಸು ಹೊರಡಿಸಿದ. ರಿಪೋರ್ಟಿನ ಕೆಳಗೆ ಅವಳ ಮೈದುನನದೇ ಸಹಿ ಇತ್ತಲ್ಲ!

ಇಡೀ ಲಾಂಡ್ರಿ ಕೆಂಡನ ಮುಖಕ್ಕೆ ಉಗಿಯಿತು. ತಾಯಿಯ ಹಾಗೆ ಸಾಕಿದವಳ ತಲೆಗೆ ಕಟ್ಟಿ ತಾನು ಜಾರಿಕೊಂಡ ಎಂದು ಇಸ್ತ್ರಿಯ ಹೆಂಗಸರು ಅವನ ಎದುರೇ ಆಡಿಕೊಂಡರು.

ಆ ಸಂಜೆ ಅವನು ರಿಪೋರ್ಟ್ ಓದಿಕೊಂಡು ಕ್ಯಾಂಟೀನಿಗೆ ಬಂದ. ಕೂರಲಿಲ್ಲ.

"ಮ್ಯಾನೇಜರ್ ಹೇಳಿದ್ರಾ, ಹೀಗೆ ಬರೀರಿ ಅಂತ?"

"ಇಲ್ಲ... ರಿಪೋರ್ಟ್ ಹಾಗೇ ಬರೀಬೇಕು. ಅದೇ ಪದ್ಧತಿ."

"ಪದ್ಧತಿ!" ಎಂದ ಅವನು. "ನಾನು ಅತ್ತಿಗೆ ಮುಖ ನೋಡೋಕಾಗ್ತಿಲ್ಲ ಮೇಡಂ. ನಿಮ್ಮನ್ನ ನಂಬಿ ಸಹಿ ಹಾಕಿದೆ ನಾನು."

ನಿನಗಾಗಿ ಮಾಡಿದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಗೆ ಹೇಳುವುದು? ಯಾವ ಹಕ್ಕಿನಿಂದ? ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಮುಂದಿನ ದಿನಗಳು ಅವಳಿಗೆ ನರಕ. ಅವನು ಕ್ಲಾಸಿಗೆ ಬರಲಿಲ್ಲ. ಬಸ್ ಸ್ಟಾಪಿಗೆ ಒಬ್ಬಳೇ ನಡೆಯುತ್ತಿದ್ದಳು. ಅವಳ ಅಮ್ಮ ಬಿಡದೆ ಕೇಳಿದಾಗ ಎಲ್ಲ ಹೇಳಿ ಅತ್ತಳು. ಅಮ್ಮ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡಳು. ಅವನನ್ನು ಉಳಿಸಿದೆ ಅನ್ನುತ್ತೀಯಲ್ಲ, ಅವನು ಉಳಿದಿದ್ದಾನಾ ಎಂದಷ್ಟೇ ಕೇಳಿದಳು.



ಕೆಂಡ ಬಿಡುವವನಲ್ಲ. ಕಂಪನಿಯ ಮೇಲಿನವರಿಗೆ ದೂರು ಕೊಟ್ಟ. ವಿಚಾರಣೆಗೆ ಅಲ್ಲಿಂದ ಒಬ್ಬ ಮಹಿಳಾ ಅಧಿಕಾರಿ ಬಂದಳು. ಮ್ಯಾನೇಜರ್ ಹೇಳಿ ಕಂಬಿ ತೆಗೆಸಿದರು ಎಂದು ಕೆಂಡ ಹೇಳಿದ. ಹಾಗಾದರೆ ರಿಪೋರ್ಟಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಆಕೆ ಕೇಳಿದಳು. ಅವನು ಬಾಯಿ ಬಿಡಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಟೀಚರಿಗೆ ಆ ಮೌನ ಕೇಳಿಸಿತು. ನನ್ನ ಮೇಲೆ ಇಷ್ಟು ಸಿಟ್ಟಿದ್ದರೂ ಇವನು ನನ್ನ ಹೆಸರು ಹೇಳುತ್ತಿಲ್ಲ...

ಕರೆಯದಿದ್ದರೂ ಅವಳು ಒಳಗೆ ಹೋದಳು.

ಟೀಚರಿಗೆ ಇಲ್ಲೇನು ಕೆಲಸ ಎಂದು ಮ್ಯಾನೇಜರ್ ರೇಗಿದ. ಅವಳು ಅವನ ಕಡೆ ನೋಡಲೇ ಇಲ್ಲ.

"ಇವರು ಸರಿಯಾಗೇ ಬರೆದಿದ್ರು," ಎಂದಳು. "ಮ್ಯಾನೇಜರ್ ಹೇಳಿದರು, ನಾನು ತೆಗೆದೆ ಅಂತ ಇಬ್ಬರ ಹೆಸರೂ ಇತ್ತು. ನಾನು ಅಳಿಸಿದೆ. ಇವರಿಗೆ ಹೇಳದೇ ಅಳಿಸಿದೆ."

"ಯಾಕೆ?" ಅಧಿಕಾರಿ ಕನ್ನಡಕ ತೆಗೆದಳು.

"ಇವರ ಕೆಲಸ ಹೋಗಬಾರದು ಅಂತ."

"ಇವರು ನಿಮಗೇನಾಗಬೇಕು?"

ಟೀಚರ್ ಕಾಲ ಕೆಳಗಿನ ನೆಲ ನೋಡಿದಳು, ಆಮೇಲೆ ತಲೆ ಎತ್ತಿದಳು.

"ಇನ್ನೂ ಏನೂ ಆಗಿಲ್ಲ. ಆಗಬೇಕು ಅಂತ ಆಸೆ ಇತ್ತು."

ಕೆಂಡ ಗೋಡೆಗೆ ಆತುಕೊಂಡ. ಅವನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಅಧಿಕಾರಿ ಎದ್ದು ನೇರ ಇಸ್ತ್ರಿ ಹಾಲಿಗೆ ಹೋದಳು. ಟೀಚರ್ ಹೇಳಿದ ಸುದ್ದಿ ಆಕೆಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಅಷ್ಟು ದಿನ ಮ್ಯಾನೇಜರ್ ಭಯಕ್ಕೂ ಕೆಂಡನ ಮೇಲಿನ ಸಿಟ್ಟಿಗೂ ಬಾಯಿ ಮುಚ್ಚಿಕೊಂಡಿದ್ದ ಹೆಂಗಸರು ಈಗ ಬಾಯಿ ಬಿಟ್ಟರು. ಮ್ಯಾನೇಜರ್ ಎಲ್ಲಿ ನಿಂತಿದ್ದ, ಏನೆಂದು ಹೇಳಿದ, ಕೆಂಡ ಹೇಗೆ ಬೇಡವೆಂದ, ಎಲ್ಲ ಹೇಳಿದರು.

ಅತ್ತಿಗೆಯ ಮೇಲಿನ ನೋಟಿಸು ರದ್ದಾಯಿತು. ಆಸ್ಪತ್ರೆಯ ಖರ್ಚು ಕಂಪನಿ ಒಪ್ಪಿಕೊಂಡಿತು. ಮ್ಯಾನೇಜರನ್ನು ಮನೆಗೆ ಕಳಿಸಿದರು. ಆದರೆ ಸ್ಪ್ಯಾನರ್ ಹಿಡಿದಿದ್ದು ಕೆಂಡನ ಕೈ. ಅವನ ಕೆಲಸವೂ ಹೋಯಿತು. ಇಂಗ್ಲಿಷ್ ಕ್ಲಾಸು ನಿಂತಿತು. ನಾಳೆಯಿಂದ ಬರಬೇಕಾಗಿಲ್ಲ ಎಂದು ಟೀಚರಿಗೆ ಹೇಳಿದರು.

ಕೆಂಡ ಅವಳೊಡನೆ ಒಂದು ಮಾತೂ ಆಡದೆ ಗೇಟು ದಾಟಿದ.

ಎದೆ ಗಟ್ಟಿ ಮಾಡಿಕೊಂಡು ಟೀಚರ್ ಆಸ್ಪತ್ರೆಗೆ ಹೋದಳು. ಅತ್ತಿಗೆಯ ಬಲಗೈ ಮೊಣಕೈವರೆಗೂ ಬ್ಯಾಂಡೇಜಿನಲ್ಲಿತ್ತು. ಮಂಚದ ಪಕ್ಕ ನಿಂತು ಕ್ಷಮಿಸಿ ಎನ್ನಲು ಹೋದರೆ ಅಳುವೇ ಮೊದಲು ಬಂತು.

"ಅವನನ್ನ ಉಳಿಸೋಕೆ ಹೋಗಿ ಸುಟ್ಟ ಕೈ ಮೇಲೇ ತಪ್ಪು ಹೊರಿಸಿದೆಯಲ್ಲ ತಾಯಿ," ಎಂದಳು ಅತ್ತಿಗೆ. "ನಂಗೆ ನಿನ್ನ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ಇದೆ. ಇನ್ನೊಂದಷ್ಟು ದಿನ ಇರುತ್ತೆ."

"ಇರಲಿ ಅಕ್ಕ."

"ನೀರು ಕುಡಿಸು. ಎಡಗೈ ನಂಗೆ ಇನ್ನೂ ಒಗ್ಗಿಲ್ಲ."

ಟೀಚರ್ ಲೋಟ ಹಿಡಿದಳು. ಅತ್ತಿಗೆ ಪೂರ್ತಿ ಕುಡಿದು, ತುಟಿ ಒರೆಸು ಎಂದು ಮುಖ ಮುಂದೆ ಮಾಡಿದಳು. ಸೆರಗಿನ ತುದಿಯಿಂದ ಒರೆಸುವಾಗ ಟೀಚರ್ ಬಿಕ್ಕಿದಳು.

"ನನ್ನ ಹತ್ತಿರ ಅತ್ತು ಏನು ಬಂತು? ಹೊರಗೆ ಮೆಟ್ಟಿಲ ಮೇಲೆ ಒಬ್ಬ ಬೆಳಗಿಂದ ಮುಖ ಊದಿಸಿಕೊಂಡು ಕೂತಿದ್ದಾನೆ. ಹೋಗು."

ಮೆಟ್ಟಿಲ ಮೇಲೆ ಕೂತಿದ್ದ ಕೆಂಡ ಅವಳನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟ. ಅವಳು ಕೂತಳು. 

"ನನ್ನನ್ನ ಒಂದು ಮಾತು ಕೇಳಬೇಕಿತ್ತು," ಎಂದ ಅವನು.

"ಕೇಳಿದ್ದರೆ ಬೇಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ. ನಿಮ್ಮನ್ನ ಕಳ್ಕೊಳ್ಳೋಕೆ ಭಯ ಆಯ್ತು... ಆ ಭಯಕ್ಕೆ ಬೇರೆ ಯಾರೂ ಕಾಣಿಸಲಿಲ್ಲ. ಅಕ್ಕನೂ ಕಾಣಿಸಲಿಲ್ಲ. ಇನ್ನೊಂದು ಸಲ ಹಾಗೆ ಮಾಡಲ್ಲ."

ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. ಕಣ್ಣು ಒದ್ದೆಯಾಗಿತ್ತು.

"ಕಂಬಿ ತೆಗೆದಿದ್ದು ನಾನೇ. ಅತ್ತಿಗೆ ಕೈ ಕಂಡಾಗೆಲ್ಲ ನೆನಪಾಗುತ್ತೆ. ನಿಮ್ಮ ಮೇಲೆ ಕೂಗಾಡಿದರೆ ಅದು ಒಂದು ಘಳಿಗೆ ಮರೆತುಹೋಗ್ತಿತ್ತು. ಅದಕ್ಕೂ ಅಷ್ಟು ಕೂಗಾಡಿದೆ."

ಅವಳು ಅವನ ಗ್ರೀಸು ಹತ್ತಿದ ಬೆರಳುಗಳ ಮೇಲೆ ಕೈ ಇಟ್ಟಳು. ಅವನು ಎಳೆದುಕೊಳ್ಳಲಿಲ್ಲ.

"ಈಗ ಒಂದು ಮಾತು ಕೇಳ್ತೀನಿ," ಎಂದಳು. "ಬೇಡ ಅಂದ್ರೂ ಸರಿ. ನನ್ನ ಮದುವೆ ಆಗ್ತೀರಾ?"

ಅವನು ತಿರುಗಿ ಅವಳನ್ನೇ ನೋಡಿದ.

"ನಂಗೆ ಕೆಲಸ ಇಲ್ಲ."

"ನಂಗೂ ಇಲ್ಲ."

"ಅತ್ತಿಗೆ ಕೈ ಮೊದಲಿನ ಹಾಗೆ ಆಗಲ್ವಂತೆ. ಇನ್ನು ಅಡುಗೆ, ತಲೆ ಬಾಚೋದು ಎಲ್ಲದಕ್ಕೂ ಒಬ್ಬರು ಬೇಕು. ಅವಳ ಬಾಯಿ ಗೊತ್ತಲ್ಲ, ದಿನಾ ಬೈಸಿಕೊಳ್ಳಬೇಕಾಗುತ್ತೆ."

"ಬೈಸಿಕೊಳ್ತೀನಿ."

"ನನ್ನ ಹತ್ತಿರಾನೂ."

"ನೀವೂ ಬೈಸಿಕೊಳ್ಳೋಕೆ ತಯಾರಾಗಿ."

ಎಷ್ಟೋ ದಿನದ ಮೇಲೆ ಅವನ ತುಟಿಯಲ್ಲಿ ಒಂದು ಸಣ್ಣ ನಗು ಮೂಡಿತು, ಮೂಡಿದ್ದಕ್ಕೇ ಹೆದರಿದಂತೆ ಮಾಯವಾಯಿತು. ಅವನು ಎದ್ದು ನಿಂತು ಅವಳಿಗೆ ಕೈ ಚಾಚಿದ.

"ಬನ್ನಿ, ಅತ್ತಿಗೆಗೆ ಊಟದ ಹೊತ್ತಾಯ್ತು. ತಿನ್ನಿಸೋದು ನಾನೋ ನೀವೋ?"

"ನಾನು," ಎಂದಳು ಅವಳು, ಅವನ ಕೈ ಹಿಡಿದು ಏಳುತ್ತಾ.