ಮಂಜಿನಲ್ಲಿ ಹಿಡಿದ ಕೈ

ಹಿಮ ಸೀಳಿಕೊಂಡು ಹೋಗುವ ನಮ್ಮ ಸಂಶೋಧನಾ ಹಡಗು ಆ ದಿನ ಉತ್ತರ ಧ್ರುವದ ಹತ್ತಿರ ನಿಂತಿತ್ತು. ಮಂಜುಗಡ್ಡೆ ಕೊರೆದು ತರಲು ಮೂವರು ಇಳಿದೆವು: ತಂಡದ ಹಿರಿಯರಾದ ಪ್ಲಾತೋನ್ ಯೆಗೋರಿಚ್, ಕರಡಿ ಬಂದೀತೆಂದು ಕೋವಿ ಹೆಗಲಿಗೇರಿಸಿದ ಗ್ಲೆಬ್, ಮತ್ತು ನಾನು. ಮಧ್ಯಾಹ್ನ ಹಾಲು ಸುರಿದಂತೆ ಮಂಜು ಕವಿದು ಹಡಗು ಕಾಣದಾಯಿತು. ನಮಗೆ ದಾರಿ ಸಿಗಲೆಂದು ಹಡಗಿನವರು ಒತ್ತುತ್ತಿದ್ದ ಹಾರ್ನ್ ಮಾತ್ರ ಕೇಳುತ್ತಿತ್ತು.

“ಕೈ ಕೈ ಹಿಡ್ಕೊಳ್ಳಿ, ಯಾರೂ ಬಿಡಬೇಡಿ,” ಎಂದರು ಯೆಗೋರಿಚ್. ಅವರು ಮುಂದೆ, ಗ್ಲೆಬ್ ನಡುವೆ, ನಾನು ಕೊನೆಗೆ.

ಸ್ವಲ್ಪ ದೂರ ನಡೆದಿರಬೇಕು, ಹಿಂದಿನಿಂದ ಯಾರೋ ನನ್ನ ಎಡಗೈ ಹಿಡಿದರು. ದಪ್ಪ ಕೈಗವಸಿನೊಳಕ್ಕೂ ಆ ಕೈಯ ಬಿಸುಪು ಇಳಿಯಿತು. ನನಗೆ ಭಯವೇ ಆಗಲಿಲ್ಲ. ಒಲೆಯ ಪಕ್ಕ ಕೂತಂತೆ ಕಣ್ಣೆಳೆಯಿತು; ಹಾರ್ನ್ ಸದ್ದು ಜೋಗುಳದಂತೆ ದೂರವಾಯಿತು. ಆಮೇಲೆ ಆ ಕೈ ನನ್ನನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸಿತು.

“ಏನೇ ತಾಸ್ಯಾ, ಇಲ್ಲೇ ಹಾಸಿಗೆ ಹಾಸ್ಕೊಡ್ಲಾ?” ಎಂದು ಗ್ಲೆಬ್ ರೇಗಿಸಿದ.

ನಾನು ನಿಂತದ್ದಕ್ಕೆ ಅವನೂ, ಅವನು ನಿಂತದ್ದಕ್ಕೆ ಯೆಗೋರಿಚ್ಚರೂ ನಿಂತರು. ಯೆಗೋರಿಚ್ಚರ ಬೂಟಿನ ಮುಂದೆಯೇ ಮಂಜುಗಡ್ಡೆ ಬಾಯಿಬಿಟ್ಟು, ಕಪ್ಪು ನೀರು ಸದ್ದಿಲ್ಲದೆ ಮೇಲೆ ಬಂತು. ನನ್ನ ಎಡಗೈಯಲ್ಲಿ ಯಾರ ಕೈಯೂ ಇರಲಿಲ್ಲ.

ಬಿರುಕನ್ನು ಬಳಸಿಕೊಂಡು ಹಡಗು ಸೇರಿದೆವು. ಚಹಾ ಕುಡಿಯುವಾಗ ನಡೆದದ್ದನ್ನು ಹೇಳಿದೆ. ಗ್ಲೆಬ್ ನಕ್ಕ. ಯೆಗೋರಿಚ್ ತಮ್ಮ ಬಲಗೈಯನ್ನೇ ನೋಡುತ್ತ ಕೂತಿದ್ದರು.

“ಮುಂದ್ಗಡೆಯಿಂದ ನನ್ನ ಕೈನೂ ಯಾರೋ ಹಿಡಿದಿದ್ರು ಕಣಮ್ಮಾ. ಆ ನೀರಿನ ಕಡೆಗೇ ಎಳೀತಿದ್ರು.”

“ತಣ್ಣಗಿತ್ತಾ?” ಎಂದು ಕೇಳಿದೆ.

“ಇಲ್ಲ. ಬೆಚ್ಚಗಿತ್ತು,” ಎಂದರು. “ಬಿಡೋಕೆ ಮನಸ್ಸೇ ಬರಲಿಲ್ಲ.”