ಹಂದಿ ಫಾರ್ಮಿನ ಹಳದಿ ಪುಡಿ

ಬೆಳಿಗ್ಗೆ ಹೊರಟಿದ್ದ ಲಾರಿ ಮಧ್ಯಾಹ್ನದ ಹೊತ್ತಿಗೆ ಹಂದಿಗಳ ಸಮೇತ ವಾಪಸ್ಸು ಬಂತು.

ಗೇಟಿನಲ್ಲಿ ನಿಂತಿದ್ದ ಅಕ್ಕನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಅಕ್ಕ ಎಂದರೆ ಆ ಫಾರ್ಮಿನ ಯಜಮಾನಿ. ಕೆಲಸದವರೆಲ್ಲ, ಅವಳಿಗಿಂತ ಹಿರಿಯರೂ, ಅವಳನ್ನು ಹಾಗೇ ಕರೆಯುತ್ತಿದ್ದರು. ಇಪ್ಪತ್ತಾರು ಹಂದಿಗಳು ಹೋಗಿದ್ದವು. ಇಪ್ಪತ್ತಾರೂ ಲಾರಿಯಲ್ಲೇ ಇದ್ದವು.

“ಏನಾಯ್ತು? ದಾರಿ ತಪ್ಪಿತಾ?”

ಡ್ರೈವರು ಕಿಟಕಿಯಿಂದ ಒಂದು ಲಕೋಟೆ ಚಾಚಿದ. ಮಾಂಸದ ಕಂಪನಿಯ ಪತ್ರ. ಹೋದ ವಾರ ಕಳಿಸಿದ ಹಂದಿಗಳ ಮೂತ್ರಪಿಂಡದಲ್ಲಿ ಆಂಟಿಬಯಾಟಿಕ್ ಸಿಕ್ಕಿದೆ. ಮಿತಿಗಿಂತ ಒಂಬತ್ತು ಪಟ್ಟು. ಮೂರು ದಿನದೊಳಗೆ ಮೂಲ ಪತ್ತೆಯಾಗದಿದ್ದರೆ ಒಪ್ಪಂದ ರದ್ದು.

ಲಾರಿ ನಿಂತಿದ್ದ ಜಾಗದಲ್ಲೇ, ಗೇಟಿನ ಮೇಲೆ, ಅಕ್ಕ ತಾನೇ ಬರೆಸಿದ ಫಲಕವಿತ್ತು — ‘ಇಲ್ಲಿ ಮೇವಿಗೆ ಯಾವ ಔಷಧಿಯನ್ನೂ ಬೆರೆಸುವುದಿಲ್ಲ.’ ಡ್ರೈವರು ಅದನ್ನೊಮ್ಮೆ ಓದಿ ಬೇರೆ ಕಡೆ ಮುಖ ತಿರುಗಿಸಿದ. ಅಕ್ಕನ ಕಿವಿಯವರೆಗೂ ಬಿಸಿ ಏರಿತು.

ಮೇವಿಗೆ ಕೈ ಹಾಕುವವನು ಒಬ್ಬನೇ — ಜರಡಿ. ಹದಿನಾಲ್ಕು ವರ್ಷದಿಂದ ಮೇವಿನ ಕೋಣೆ ಅವನದು. ಬಂದ ಪ್ರತಿ ಚೀಲದ ಹಿಟ್ಟನ್ನೂ ಜರಡಿ ಹಿಡಿಯದೆ ಬೆರೆಸುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅಕ್ಕ ನೆಟ್ಟಗೆ ಅಲ್ಲಿಗೇ ನುಗ್ಗಿದಳು. ಮೊಳೆಗೆ ತೂಗುಹಾಕಿದ್ದ ಅವನ ಬಟ್ಟೆಚೀಲವನ್ನು ಕಿತ್ತುಕೊಂಡು ಅಂಗಳಕ್ಕೆ ತಂದಳು. ಇಪ್ಪತ್ತು ಜನ ಕೆಲಸದವರ ಎದುರು ಅದನ್ನು ಬೋರಲು ಹಾಕಿ ಕೊಡವಿದಳು.

ಊಟದ ಡಬ್ಬಿ, ಒಂದು ಬನಿಯನ್ನು, ಒಂದು ಬಾಚಣಿಗೆ. ಆಮೇಲೆ ಮಾತ್ರೆಯ ಪಟ್ಟಿಗಳು — ನಾಲ್ಕು.

ಒಂದು ಕ್ಯಾಪ್ಸೂಲು ಒಡೆದಳು. ಅಂಗೈ ಮೇಲೆ ಹಳದಿ ಪುಡಿ ಉದುರಿತು. ಪಟ್ಟಿಯ ಮೇಲಿನ ಹೆಸರೂ ಪತ್ರದಲ್ಲಿದ್ದ ಹೆಸರೂ ಒಂದೇ.

“ಇದೇನು?”

“ನನ್ನ ಕೈಗೆ, ಅಕ್ಕಾ. ಆಸ್ಪತ್ರೇಲಿ ಕೊಟ್ಟಿದ್ದು.” ಜರಡಿ ಬಟ್ಟೆ ಸುತ್ತಿದ ಬಲಗೈ ಎತ್ತಿದ. “ತಂತಿ ಗೀರಿತ್ತು. ಆರು ವಾರ ಆಯ್ತು, ವಾಸೀನೇ ಆಗ್ತಿಲ್ಲ.”

“ಗೀರಿದ್ದಕ್ಕೆ ಆರು ವಾರವಾ? ಕಥೆ ಕಟ್ತೀಯಾ?”

“ಅಕ್ಕಾ —”

“ಉಂಡ ಮನೆಗೇ ಎರಡು ಬಗೆದೆಯಲ್ಲೋ! ನಡಿ ಇಲ್ಲಿಂದ.”

ಜರಡಿ ಬಗ್ಗಿ, ಎಡಗೈಯಲ್ಲಿ ಒಂದೊಂದೇ ವಸ್ತು ಹೆಕ್ಕಿ ಚೀಲಕ್ಕೆ ತುಂಬಿಕೊಂಡ. ಯಾರೂ ಸಹಾಯಕ್ಕೆ ಬಗ್ಗಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಅವಳ ಅಪ್ಪ ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಆದರೆ ಹೇಳಲಿಲ್ಲ.

ಫಾರ್ಮು ಕಟ್ಟಿದವರು ಅಪ್ಪ. ಎರಡು ಹಂದಿಯಿಂದ ಶುರುಮಾಡಿ ಆರುನೂರಕ್ಕೆ ಏರಿಸಿದವರು. ‘ಅವರ ಕೈಗುಣ ಅಂಥದ್ದು, ಅವರು ಮುಟ್ಟಿದ ಮರಿ ಆನೆಯಾಗುತ್ತೆ’ ಎಂದು ಸುತ್ತಲಿನವರ ಮಾತು. ಈಗ ವ್ಯವಹಾರ ಮಗಳಿಗೆ ಬಿಟ್ಟಿದ್ದರೂ ಬೆಳಿಗ್ಗೆ ಒಂದು ಬಕೆಟ್ ಗಂಜಿ ಹಿಡಿದು ಪ್ರತಿ ಶೆಡ್ಡಿಗೂ ಹೋಗಿ, ತೊಟ್ಟಿ ತೊಟ್ಟಿಗೂ ಒಂದೊಂದು ಸೌಟು ಹಾಕಿ ಬರುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮರುದಿನ ಕಂಪನಿ ಕಳಿಸಿದ ಪಶುವೈದ್ಯೆ ಬಂದಳು. ಗಿಡ್ಡ ಹೆಂಗಸು. ರಬ್ಬರ್ ಬೂಟು ಏರಿಸಿಕೊಂಡು ಕಂಡದ್ದನ್ನೆಲ್ಲ ಮೂಸುತ್ತ ಹೋದಳು — ಹಿಟ್ಟು, ನೀರು, ಚರಂಡಿ.

“ಡಾಕ್ಟರಮ್ಮಾ, ಕಷ್ಟಪಡೋದು ಬೇಡ,” ಎಂದಳು ಅಕ್ಕ. “ಕಳ್ಳ ಸಿಕ್ಕಿದ್ದಾನೆ, ಮೇವಿನ ಕೋಣೆಯ ಜರಡಿ. ಕೈ ಗಾಯಕ್ಕೆ ಅಂತ ಇದೇ ಮಾತ್ರೆ ಇಟ್ಕೊಂಡಿದ್ದ. ನಿನ್ನೆಯೇ ಓಡಿಸಿದೆ.”

“ಓಹೋ? ಎಷ್ಟು ಮಾತ್ರೆ ಇತ್ತು ಅವನ ಹತ್ರ?”

“ನಾಲ್ಕು ಪಟ್ಟಿ.”

“ಆರುನೂರು ಹಂದಿಗೆ ನಾಲ್ಕು ಪಟ್ಟಿ!” ಡಾಕ್ಟರಮ್ಮ ನಗಲಿಲ್ಲ. “ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದ ಹಾಗಾಯ್ತು.”

ಅಕ್ಕ ಮನಸ್ಸಿನಲ್ಲೇ ಗುಣಿಸಿ ನೋಡಿದಳು. ಈ ಲೆಕ್ಕ ತನಗೇಕೆ ಹೊಳೆಯಲಿಲ್ಲ?

ಡಾಕ್ಟರಮ್ಮ ತಂದಿದ್ದ ಪರೀಕ್ಷೆಯ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಅದ್ದಿದಳು. ಬಾಯಿ ಬಿಚ್ಚದ ಚೀಲದ ಹಿಟ್ಟು — ಶುದ್ಧ. ಅಂದರೆ ಮೇವು ಕಳಿಸುವ ವ್ಯಾಪಾರಿಯದು ತಪ್ಪಲ್ಲ. ಜರಡಿ ಬೆರೆಸಿಟ್ಟಿದ್ದ ಮೇವು — ಶುದ್ಧ. ಕೊಳಾಯಿ ನೀರು — ಶುದ್ಧ. ಹಂದಿಗಳ ಮೂತ್ರ? ಪಟ್ಟಿಯ ಬಣ್ಣ ಕ್ಷಣಾರ್ಧದಲ್ಲಿ ತಿರುಗಿತು.

“ಮೇವಿನಲ್ಲಿಲ್ಲ. ನೀರಿನಲ್ಲಿಲ್ಲ. ಹಂದಿಯೊಳಗಿದೆ.” ಡಾಕ್ಟರಮ್ಮ ಅಕ್ಕನ ಮುಖ ನೋಡಿದಳು. “ಇದು ತಿಂದ ಹಂದಿ ಬೇಗ ತೂಕ ಏರುತ್ತೆ. ಲಾಭ ಯಾರಿಗೆ?”

“ನನಗೆ,” ಎಂದಳು ಅಕ್ಕ. ಬೇರೆ ಉತ್ತರವಿರಲಿಲ್ಲ. “ಆದ್ರೆ ನಾನು ಮಾಡಿಲ್ಲ.”

“ಒಂದು ಲೋಟ ಟೀ ಸಿಗುತ್ತಾ?”

ಟೀಗೆಂದು ಕೆಲಸದವರ ಅಡುಗೆಮನೆಗೆ ಹೋದರು. ಅಡುಗೆಯಮ್ಮ ಸಿಲಿಂಡರಿನ ಒಲೆ ಹಚ್ಚಿದಳು. ಪಕ್ಕದಲ್ಲಿ ಇನ್ನೊಂದು ಒಲೆ ತಣ್ಣಗಿತ್ತು.

“ಅದೇನು ಒಲೆ?”

“ಗೊಬ್ಬರ ಗ್ಯಾಸಿಂದು ತಾಯಿ,” ಎಂದಳು ಅಡುಗೆಯಮ್ಮ. “ಎಲ್ಲ ಶೆಡ್ಡಿನ ಹೊಲಸೂ ಗ್ಯಾಸಿನ ತೊಟ್ಟಿಗೇ ಬೀಳುತ್ತೆ. ಹೊಲಸಿಗೇನು ಬರಗಾಲವಾ? ಆದ್ರೂ ಒಲೆ ಮಾತ್ರ ಸತ್ತ ಹೆಣ. ಹೇಳಿ ಹೇಳಿ ನನ್ನ ನಾಲಗೆ ಸವೀತು.”

“ಅವಳು ಯಾವಾಗ್ಲೂ ಗೊಣಗ್ತಾಳೆ, ಬಿಡಿ,” ಎಂದಳು ಅಕ್ಕ.

ಡಾಕ್ಟರಮ್ಮ ತಣ್ಣಗಿದ್ದ ಒಲೆಯ ಹತ್ತಿರ ಬಗ್ಗಿದಳು.

“ಯಾವತ್ತೂ ಉರಿದೇ ಇಲ್ವಾ?”

“ಉರೀತು ತಾಯೀ, ನಡುವೆ ಒಂದಷ್ಟು ದಿನ ಬುಸ್ಸಂತ ಉರೀತು! ಮತ್ತೆ ಮೊದಲಿನ ಹಾಗೇ.”

“ಯಾವಾಗ? ನೆನಪು ಮಾಡ್ಕೊಳ್ಳಿ.”

“ನೆನಪೇನು ಬಂತು, ದೊಡ್ಡ ಯಜಮಾನ್ರು ಕಣ್ಣಿನ ಆಪರೇಷನ್ನಿಗೆ ಅಂತ ಚಿಕ್ಕ ಮಗಳ ಮನೇಲಿ ಇದ್ರಲ್ಲ, ಒಂದು ತಿಂಗಳು? ಅವರು ಹೋಗಿ ಹತ್ತು ದಿನಕ್ಕೆ ಉರಿ ಬಂತು. ಅವರು ಬಂದು ವಾರಕ್ಕೆ ಹೋಯ್ತು. ಅವರಿಗೆ ಸ್ನಾನಕ್ಕೆ ಬಿಸಿನೀರು ಕಾಯಿಸ್ಬೇಕಾದಾಗ್ಲೇ ಕೈ ಕೊಡ್ತು ಅಂತ ಬೈಕೊಂಡಿದ್ದೆ.”

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಾರೂ ಆರಿಸಲಿಲ್ಲ.

“ಆ ತಿಂಗಳು ಜರಡಿ ಕೆಲಸಕ್ಕೆ ಬರ್ತಿದ್ನಾ?” ಎಂದಳು ಡಾಕ್ಟರಮ್ಮ.

“ಒಂದು ದಿನವೂ ತಪ್ಪಿಸಿಲ್ಲ,” ಎಂದಳು ಅಕ್ಕ. ದನಿ ಅವಳದೆಂದು ಅವಳಿಗೇ ಅನಿಸಲಿಲ್ಲ.

“ಜಂತುಹುಳಕ್ಕೆ ಔಷಧಿ ಯಾರು ಹಾಕ್ತಾರೆ?”

“ಅಪ್ಪ. ವರ್ಷಕ್ಕೆ ಎರಡು ಸಲ. ಅದಕ್ಕೆ ಒಪ್ಪಂದದಲ್ಲೂ ಅನುಮತಿ ಇದೆ.”

“ಡಬ್ಬಿ ತೋರಿಸಿ.”

ಜಗುಲಿಯ ಪಕ್ಕದ ಗೂಡಿನಲ್ಲಿ ಡಬ್ಬಿಯಿತ್ತು. ‘ಜಂತುಹುಳದ ಔಷಧಿ’ ಎಂದು ಅಪ್ಪನ ಗುಂಡು ಅಕ್ಷರ. ಸುತ್ತಲಿನ ಎಲ್ಲದರ ಮೇಲೂ ಧೂಳು. ಈ ಮುಚ್ಚಳದ ಅಂಚು ಮಾತ್ರ ದಿನವೂ ಬೆರಳಾಡಿ ಬೆಳ್ಳಗೆ ಹೊಳೆಯುತ್ತಿತ್ತು. ತೆರೆದರೆ ಕ್ಯಾಪ್ಸೂಲಿನೊಳಗೆ ಇದ್ದಂಥದೇ ಹಳದಿ ಪುಡಿ.

ಅಪ್ಪ ಜಗುಲಿಯಲ್ಲೇ ಇದ್ದರು. ಎದ್ದು ಹೋಗಲಿಲ್ಲ.

“ಕೂತ್ಕೊಳ್ಳಿ, ಹೇಳ್ತೀನಿ,” ಎಂದಳು ಡಾಕ್ಟರಮ್ಮ ಅಕ್ಕನಿಗೆ. “ಗ್ಯಾಸ್ ತಯಾರು ಮಾಡೋದು ತೊಟ್ಟಿಯೊಳಗಿನ ಜೀವಾಣು. ಕಣ್ಣಿಗೆ ಕಾಣಲ್ಲ. ಹಂದಿ ತಿಂದ ಔಷಧಿ ಪೂರ್ತಿ ಅರಗಲ್ಲ, ಹೊಲಸಿನ ಜೊತೆ ಬಂದು ಅವನ್ನೂ ಹೊಡೆಯುತ್ತೆ. ಒಲೆ ಆರುತ್ತೆ. ಔಷಧಿ ನಿಂತ್ರೆ ಜೀವಾಣು ಚೇತರಿಸ್ಕೊಳ್ಳುತ್ತೆ, ಒಲೆ ಹತ್ತುತ್ತೆ. ಮೇವಿನ ಕೋಣೆ ಆ ತಿಂಗಳೂ ನಡೀತಿತ್ತು, ಜರಡಿಯೂ ಇದ್ದ. ನಿಂತದ್ದು ಒಂದೇ — ಬೆಳಗಿನ ಗಂಜಿಯ ಬಕೆಟ್. ಅದು ಮೇವು ಅಂತ ಯಾರಿಗೂ ಅನ್ನಿಸ್ಲಿಲ್ಲ. ನೀವೆಲ್ಲ ಅದನ್ನು ಪ್ರೀತಿ ಅಂದ್ಕೊಂಡಿದ್ರಿ.” ಅವಳು ಹಿರಿಯರತ್ತ ತಿರುಗಿದಳು. “ಹೌದಾ, ಯಜಮಾನ್ರೇ?”

ಅಪ್ಪ ತಮ್ಮ ಅಂಗೈಗಳನ್ನು ಮಗುಚಿ ನೋಡಿಕೊಂಡರು.

“ಹೌದು.”

“ಅಪ್ಪಾ! ಯಾಕೆ?”

“ನಲವತ್ತು ವರ್ಷ ಇದೇ ಪುಡಿ ಹಾಕಿದೆ, ಮಗಾ. ಆಗ ಯಾರೂ ತಪ್ಪು ಅಂತಿರಲಿಲ್ಲ. ಒಂದು ಚಮಚಕ್ಕೆ ಮರಿ ಉಬ್ಬೋದು. ಜನ ಕೈಗುಣ ಅಂದ್ರು. ನಾನೂ ಹೌದು ಅಂದ್ಕೊಂಡೆ.” ಗೇಟಿನ ಕಡೆ ನೋಡಿದರು. “ನೀನು ಬೋರ್ಡು ಹಾಕ್ದೆ. ನಿಲ್ಲಿಸ್ದೆ, ನಿಜವಾಗ್ಲೂ ನಿಲ್ಲಿಸ್ದೆ. ಮೊದಲ ಗುಂಪು ಬಡಕಲಾಯ್ತು. ಅಪ್ಪನ ಕೈಗೂ ವಯಸ್ಸಾಯ್ತು ಅಂತ ಲಾರಿ ಹತ್ರ ನಿಂತು ನೀನು ನಕ್ಕೆ. ಎಲ್ಲರೂ ನಕ್ರು. ಅಂದ್ರೆ... ಕೈಗುಣ ಅನ್ನೋದು ಇರಲೇ ಇಲ್ವಲ್ಲಮ್ಮಾ. ಬರೀ ಪುಡಿ. ಅದನ್ನ ಹೇಗೆ ಹೇಳ್ಲಿ? ಮತ್ತೆ ಹಾಕೋಕೆ ಶುರುಮಾಡ್ದೆ.”

ಅಕ್ಕನಿಗೆ ಆ ನಗು ನೆನಪಿತ್ತು.

“ನಿನ್ನೆ ನಾನು ಜರಡಿಯ ಚೀಲ ಕೊಡವಿದಾಗ್ಲಾದ್ರೂ —”

“ಬಾಯಿಗೆ ಬಂತು. ಹೊರಗೆ ಬರಲಿಲ್ಲ.”

ಡಾಕ್ಟರಮ್ಮ ಬೂಟು ಕಳಚುತ್ತ ಕೇಳಿದಳು, “ಆ ಜರಡಿ ಕೈಯ ಗಾಯ ಎಷ್ಟು ದಿನದ್ದು?”

“ಆರು ವಾರ.”

“ಬೇಗ ದೊಡ್ಡಾಸ್ಪತ್ರೆಗೆ ತೋರಿಸಿ. ಹಂದಿ ದಿನಾ ಒಂದು ಚೂರು ಔಷಧಿ ತಿಂದ್ರೆ ಅದರೊಳಗಿನ ರೋಗಾಣು ಸಾಯಲ್ಲ, ಪಳಗುತ್ತೆ. ಅವನು ಶೆಡ್ಡಲ್ಲೇ ಓಡಾಡೋನು. ಇಲ್ಲಿ ಪಳಗಿದ್ದೇ ಅವನ ಕೈಗೆ ಹತ್ತಿದೆ ಅಂತ ಪರೀಕ್ಷೆ ಮಾಡದೆ ಹೇಳಲಾರೆ. ಆದ್ರೆ ಅವನು ನುಂಗ್ತಿದ್ದದ್ದೂ ಅದೇ ಔಷಧಿ, ಅದು ಕೆಲಸ ಮಾಡ್ಲಿಲ್ಲ.” ಬೂಟನ್ನು ಚೀಲಕ್ಕೆ ಹಾಕುತ್ತ ಅಂದಳು, “ಇನ್ನೊಂದು ಪ್ರಶ್ನೆ. ಇದು ವರದಿಗಲ್ಲ. ಮೊದಲ ಗುಂಪು ಬಡಕಲಾಯ್ತು. ಎರಡನೇದಕ್ಕೆ ತೂಕ ತಾನಾಗೇ ಏರಿತು. ಹೇಗೆ ಅಂತ ನೀವು ಕೇಳಲಿಲ್ವಾ?”

ಆಗೊಮ್ಮೆ ಅಕ್ಕ ಅಪ್ಪನ ಟವೆಲ್ಲಿನ ಮೇಲೆ ಹಳದಿ ಕಲೆ ಕಂಡಿದ್ದಳು. ಮಡಚಿ, ಕಲೆ ಒಳಗಾಗುವಂತೆ ಇಟ್ಟಿದ್ದಳು. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಅದಕ್ಕೇ ಕೇಳಿರಲಿಲ್ಲ.

ಸಂಜೆ ಅವಳು ಜರಡಿಯ ಮನೆಗೆ ಹೋದಳು. ಒಂದೇ ಕೋಣೆ. ಅವನ ಹೆಂಡತಿ ಸ್ಟೂಲು ಹಾಕಿದಳು. ಬಟ್ಟೆ ಬಿಚ್ಚಿದ್ದ ಅವನ ಕೈ ಮೊಣಕೈವರೆಗೂ ಊದಿತ್ತು.

“ತಪ್ಪಾಯ್ತು ಕಣೋ. ನೀನಲ್ಲ ಅಂತ ಗೊತ್ತಾಯ್ತು. ಕ್ಷಮಿಸ್ಬಿಡು. ಮೊದಲು ಆಸ್ಪತ್ರೆಗೆ ನಡಿ, ವ್ಯಾನು ತಂದಿದ್ದೀನಿ.”

“ಆಸ್ಪತ್ರೆಗೆ ಬರ್ತೀನಿ ಅಕ್ಕಾ. ಕೈ ಬೇಕು ನನಗೆ.” ಜರಡಿ ನೆಲ ನೋಡುತ್ತ ಹೇಳಿದ. “ಕ್ಷಮೆ ಇಲ್ಲಿ ಬೇಡ. ನನ್ನ ಚೀಲ ಕೊಡವಿದ್ದು ಎಲ್ಲಿ?”

“ಅಂಗಳದಲ್ಲಿ.”

“ಅಲ್ಲೇ ಹೇಳಿ.”

ಕೈ ಉಳಿಯಿತು. ಬೇರೆ ಔಷಧಿ, ಒಂಬತ್ತು ದಿನದ ಹಾಸಿಗೆ; ಎರಡು ಬೆರಳು ಮಾತ್ರ ಮಡಚದಂತಾದವು. ಒಪ್ಪಂದ ಆರು ತಿಂಗಳು ಅಮಾನತಾಯಿತು. ಗೇಟಿನ ಫಲಕವನ್ನು ಅಕ್ಕನೇ ಇಳಿಸಿದಳು.

ಜರಡಿ ಬಿಡುಗಡೆಯಾಗಿ ಬಂದ ಬೆಳಿಗ್ಗೆ ಅವಳು ಇಪ್ಪತ್ತು ಜನರನ್ನೂ ಅಂಗಳಕ್ಕೆ ಕರೆಸಿದಳು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಜಗುಲಿ ಇಳಿದು ಬಂದು ನಡುವೆ ನಿಂತರು.

“ಪುಡಿ ಹಾಕಿದ್ದು ನಾನು,” ಎಂದರು. “ಅವನು ಅನುಭವಿಸ್ದ. ನೋಡ್ತಾ ಕೂತಿದ್ದೆ.”

ಅಷ್ಟಕ್ಕೇ ಮುಗಿಸಬಹುದಿತ್ತು. ಡಾಕ್ಟರಮ್ಮನ ವರದಿಯಲ್ಲಿ ಅಕ್ಕನ ಹೆಸರಿರಲಿಲ್ಲ. ಎಲ್ಲರೂ ಮುದುಕರನ್ನೇ ನೋಡುತ್ತಿದ್ದರು, ಅವಳನ್ನಲ್ಲ.

“ನನಗೆ ಅನುಮಾನ ಇತ್ತು,” ಎಂದಳು ಅಕ್ಕ. “ತೂಕ ಚೆನ್ನಾಗಿ ಬರ್ತಿತ್ತು ಅಂತ ಕಣ್ಣು ಮುಚ್ಕೊಂಡೆ. ಸಿಕ್ಕಿಬಿದ್ದಾಗ ಇವನ ಚೀಲ ಕೊಡವಿದೆ. ಜರಡಿ, ತಪ್ಪು ನಂದು.”

ಯಾರೂ ‘ಇರ್ಲಿ ಬಿಡಿ’ ಎನ್ನಲಿಲ್ಲ. ಅವಳು ಅದಕ್ಕಾಗಿ ಕಾಯುತ್ತಿದ್ದಳು ಎಂಬುದು ಆ ಮೌನದಲ್ಲಿ ಅವಳಿಗೇ ತಿಳಿಯಿತು.

ಶೆಡ್ಡಿನ ಕಡೆಯಿಂದ ಹಂದಿಗಳ ಕೂಗು ಜೋರಾಯಿತು.

“ಹಸಿದಿವೆ,” ಎಂದ ಜರಡಿ. ಅಕ್ಕನ ಮುಖ ನೋಡದೆ, ಮೇವಿನ ಕೋಣೆಯ ಬೀಗದ ಕೈಗಾಗಿ ಎಡಗೈ ಚಾಚಿದ.